ರೋಲಾಂ ಅವರ ಎರಡು ಚಿತ್ರಗಳು: ಮೊದಲು ಯಾವುದು?
ಫ್ರೆಂಚ್ ನಿರ್ದೇಶಕ ಝಾಂ ರೋಲಾಂ ಅವರ ಕಾಮ-ಭಯಾನಕ ಚಿತ್ರಗಳಿಗೆ ಹೊಸಬರಾದ ವಯಸ್ಕ ಪ್ರೇಕ್ಷಕರು 1979ರ ‘ಫ್ಯಾಸಿನೇಶನ್’ನಿಂದ ಆರಂಭಿಸುವುದು ಲೇಸು. 1905ರ ಕಸಾಯಿಖಾನೆಯೊಂದರಲ್ಲಿ ಸಿರಿವಂತ ಮಹಿಳೆಯರು ರಕ್ತಹೀನತೆಗೆ ಮದ್ದೆಂದು ಎತ್ತಿನ ರಕ್ತ ಕುಡಿಯುವುದರೊಂದಿಗೆ ತೊಡಗುವ ಈ ಚಿತ್ರದಲ್ಲಿ, ತಲೆಮರೆಸಿಕೊಂಡ ಕಳ್ಳನೊಬ್ಬ ಇಬ್ಬರೇ ಹೆಣ್ಣುಗಳಿರುವ ಬಂಗಲೆಯನ್ನು ಹೊಕ್ಕ ಮೇಲೆ ಮೋಹ ಯಾವುದು, ಬಲೆ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಕಪ್ಪು ನಿಲುವಂಗಿಯ ನಟಿ ಬ್ರಿಜಿತ್ ಲಾಯೆ ಉದ್ದ ಹಿಡಿಯ ಕುಡುಗೋಲು ಹಿಡಿದು ಸೇತುವೆಯ ಮೇಲೆ ನಡೆದುಬರುವ ದೃಶ್ಯಕ್ಕಾಗಿಯೇ, ನನ್ನ ಮಟ್ಟಿಗೆ, ಅದರ ಮಂದಗತಿಯನ್ನು ಸಹಿಸಬಹುದು. 1982ರ ‘ದಿ ಲಿವಿಂಗ್ ಡೆಡ್ ಗರ್ಲ್’ನಲ್ಲಿ ಶೃಂಗಾರ ಕಡಿಮೆ, ರಕ್ತಪಾತ ಧಾರಾಳ. ರಾಸಾಯನಿಕ ಸೋರಿ ಸಮಾಧಿಯಲ್ಲಿ ಎಚ್ಚೆತ್ತ ತರುಣಿಗೆ ಬಾಲ್ಯದ ಗೆಳತಿಯೇ ಬಲಿಗಳನ್ನು ಒದಗಿಸುವ ಸಂಕಟ ಮಾತ್ರ ‘ಫ್ಯಾಸಿನೇಶನ್’ಗಿಂತ ಆಳವಾಗಿ ನಾಟುತ್ತದೆ. ಸೀಳಿದ ದೇಹಗಳನ್ನು ನೋಡಲಾರದವರು ಇದನ್ನು ಕೈಬಿಡಬಹುದು.