ಮಡಿಕೇರಿಯ ಸನ್ನಿಸೈಡ್: ಟ್ಯಾಂಕ್ ಮುಂದೆ ಫೋಟೊ ತೆಗೆದು ಓಡಿ ಬರುವ ಜಾಗ ಅಲ್ಲ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಸನ್ನಿಸೈಡ್, ಅಂದರೆ ಜನರಲ್ ತಿಮ್ಮಯ್ಯ ಅವರ ಮನೆಯಲ್ಲಿರುವ ಮ್ಯೂಸಿಯಂ, ಆ ಜಾಗಕ್ಕೆ ಐದಕ್ಕೆ ಐದು. ನಮ್ಮನ್ನು ಕರೆದುಕೊಂಡು ಹೋದ ಪ್ಯಾಕೇಜ್‌ಗೆ ಒಂದೂವರೆ, ಅದೂ ಡ್ರೈವರಣ್ಣ ಒಳ್ಳೆಯವರು ಅನ್ನೋ ಕಾರಣಕ್ಕೆ.

ಕೊಡಗಿನ ಪ್ಯಾಕೇಜ್ ಟೂರ್‌ಗಳು ಹೇಗಿರುತ್ತವೆ ಅಂತ ಗೊತ್ತಲ್ವಾ? ಅಬ್ಬಿ ಫಾಲ್ಸ್, ದುಬಾರೆ, ಗೋಲ್ಡನ್ ಟೆಂಪಲ್, ಸಂಜೆ ರಾಜಾಸೀಟ್, ನಡುವೆ ಅವರೇ ಹೇಳಿದ ಅಂಗಡಿಯಲ್ಲಿ ಹೋಮ್‌ಮೇಡ್ ಚಾಕೊಲೇಟು. ನಮ್ಮ ಪಟ್ಟಿಯಲ್ಲಿ 'ಮ್ಯೂಸಿಯಂ' ಅಂತ ಒಂದೇ ಪದ ಇತ್ತು. ಗೇಟಿನ ಹತ್ತಿರ ಇಳಿಸುವಾಗಲೇ "ಸಾರ್, ಅರ್ಧ ಗಂಟೆ ಸಾಕು, ಟ್ಯಾಂಕ್ ಹತ್ರ ಒಂದು ಫೋಟೊ ತಗೊಳ್ಳಿ, ಬಂದ್ಬಿಡಿ, ಇಲ್ಲಾಂದ್ರೆ ಸನ್‌ಸೆಟ್ ಮಿಸ್ಸಾಗತ್ತೆ" ಅಂದರು. ಪಾಪ ಅವರದೇನು ತಪ್ಪು, ಆಫೀಸಿನವರು ಬರೆದುಕೊಟ್ಟ ಟೈಮ್ ಟೇಬಲ್ ಅದು. ನಾವು ಇನ್ನೂ ಒಳಗಿದ್ದಾಗಲೇ ಫೋನ್ ಮೇಲೆ ಫೋನ್. ಕೊನೆಗೆ ರಾಜಾಸೀಟ್ ಬಿಟ್ಟೆವು. ಸೂರ್ಯ ನಾಳೆನೂ ಮುಳುಗುತ್ತಾನೆ.

ಸರಿ, ಜಾಗದ ವಿಷಯ. ಸನ್ನಿಸೈಡ್ ಅಂದರೆ ಜನರಲ್ ಕೊಡೆಂದೆರ ಸುಬ್ಬಯ್ಯ ತಿಮ್ಮಯ್ಯ ಬಾಲ್ಯ ಕಳೆದ ಮನೆ. 1906ರಲ್ಲಿ ಮಡಿಕೇರಿಯಲ್ಲೇ ಹುಟ್ಟಿದವರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅಂಥವರ ಮನೆಯಲ್ಲಿ ಎಷ್ಟೋ ವರ್ಷ ಏನಿತ್ತು ಗೊತ್ತಾ? ಆರ್‌ಟಿಒ ಆಫೀಸು! ಡಿಎಲ್ ಮಾಡಿಸೋಕೆ, ಗಾಡಿ ರಿಜಿಸ್ಟ್ರೇಷನ್‌ಗೆ ಜನ ಇಲ್ಲಿಗೆ ಬರುತ್ತಿದ್ದರು. ಕಾರ್ಯಪ್ಪ ಮತ್ತು ತಿಮ್ಮಯ್ಯ ಇಬ್ಬರ ಹೆಸರಿನಲ್ಲಿರುವ ಫೋರಂನವರು ಬೆನ್ನು ಬಿಡದೆ ಓಡಾಡಿದ ಮೇಲೆ ಮನೆ ಮ್ಯೂಸಿಯಂ ಆಯಿತು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಆವರಣದಲ್ಲೇ ಯುದ್ಧ ಸ್ಮಾರಕವೂ ಇದೆ.

ಬಂದವರಲ್ಲಿ ಮುಕ್ಕಾಲು ಪಾಲು ಜನ ಹೊರಗೆ ನಿಲ್ಲಿಸಿದ ಟ್ಯಾಂಕಿಗೇ ಅಂಟಿಕೊಳ್ಳುತ್ತಾರೆ. ಮಕ್ಕಳಾದರೆ ಪರವಾಗಿಲ್ಲ, ದೊಡ್ಡವರೂ ಹಾಗೇ. ಒಬ್ಬರು ಸ್ಮಾರಕಕ್ಕೆ ಬೆನ್ನು ಹಾಕಿ ಮೂರು ಸಲ ರೀಲ್ಸ್ ತೆಗೆದರು, ಮೂರನೇದಕ್ಕೆ ಕನ್ನಡಕ ಬದಲಾಯಿಸಿಕೊಂಡು. ನನ್ನ ಸಲಹೆ: ಮೊದಲು ಮನೆಯೊಳಗೆ ಹೋಗಿ, ಆಮೇಲೆ ಸ್ಮಾರಕ, ಕಡೆಗೆ ಟ್ಯಾಂಕು. ಹೀಗೆ ಹೋದರೆ ಟ್ಯಾಂಕ್ ನೋಡುವ ಕಣ್ಣೇ ಬೇರೆಯಾಗಿರುತ್ತದೆ. ಯಾಕೆ ಅಂದರೆ ಜೋಜಿಲಾ.

1948ರಲ್ಲಿ ತಿಮ್ಮಯ್ಯ ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್. ಲಡಾಖ್‌ನ ಲೇಹ್‌ಗೆ ಹೋಗುವ ದಾರಿಯನ್ನು ಜೋಜಿಲಾ ಕಣಿವೆಯಲ್ಲಿ ಪಾಕಿಸ್ತಾನದ ಕಡೆಯ ಶತ್ರು ಕಟ್ಟಿ ಕೂತಿದ್ದ. ಎತ್ತರ 11,500 ಅಡಿಗೂ ಜಾಸ್ತಿ. ಕಾಲಾಳುಗಳು ನುಗ್ಗಿ ನೋಡಿದ್ದಾಯಿತು, ಆಗಲಿಲ್ಲ. ಆಗ ಇವರು ಅಲ್ಲಿಗೆ ಟ್ಯಾಂಕ್ ಹತ್ತಿಸುತ್ತೇನೆ ಅಂದರು. ಅಷ್ಟು ಎತ್ತರಕ್ಕೆ ಯಾರೂ ಟ್ಯಾಂಕ್ ಒಯ್ದಿರಲಿಲ್ಲ. ಸೇನೆಯ ಟ್ಯಾಂಕ್ ದಳವಾದ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳ ಮೇಲಿನ ಗೋಪುರ ಬಿಚ್ಚಿದರು, ಗುರುತು ಸಿಗಬಾರದು ಅಂತ ಮೇಲೆ ಹೊದಿಕೆ ಹೊದಿಸಿ ಗುಟ್ಟಾಗಿ ಸಾಗಿಸಿದರು, ಮೇಲೆ ಹೋದ ಮೇಲೆ ಮತ್ತೆ ಜೋಡಿಸಿದರು. ಹೇಸರಗತ್ತೆ ಹೋಗುವ ದಾರಿಯನ್ನು ಟ್ಯಾಂಕ್ ಹೋಗುವ ಹಾಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿಯವರು, ಸೇನೆಯ ಎಂಜಿನಿಯರ್ ಪಡೆ. ನವೆಂಬರ್ 1ರಂದು, ಹಿಮ ಬೀಳುವ ಹೊತ್ತಿನಲ್ಲಿ, ಟ್ಯಾಂಕ್ ನುಗ್ಗಿತು. ಮುಂದಿನ ಟ್ಯಾಂಕಿನಲ್ಲಿ ಜನರಲ್ ಸಾಹೇಬರೇ ಕೂತಿದ್ದರು. ಆಮೇಲೆ ದ್ರಾಸ್, ಕಾರ್ಗಿಲ್ ಕೈಗೆ ಬಂದವು, ಲೇಹ್ ದಾರಿ ತೆರೆಯಿತು. ಇಷ್ಟು ತಿಳಿದುಕೊಂಡು ಹೊರಗೆ ಬಂದು ಆ ಕಬ್ಬಿಣದ ರಾಶಿಯನ್ನು ನೋಡಿ, ಇಂಥದ್ದನ್ನು ಬಿಚ್ಚಿ ಬೆಟ್ಟ ಹತ್ತಿಸಬೇಕು ಅಂದ್ರೆ ಹೇಗೆ ಅಂತ.

ನನಗೆ ಇಲ್ಲಿ ತುಂಬ ತಟ್ಟಿದ್ದು ಮಾತ್ರ ಯುದ್ಧಕ್ಕಿಂತ ಈ ಮನೆಯ ಮೂವರು ಅಣ್ಣತಮ್ಮಂದಿರ ಕಥೆ. ಮೂವರೂ ಸೇನಾಧಿಕಾರಿಗಳು. ಅಣ್ಣ ಪೊನ್ನಪ್ಪ ಸುಭಾಷ್ ಬಾಬು ಅವರ ಐಎನ್‌ಎ, ಅಂದರೆ ಆಜಾದ್ ಹಿಂದ್ ಫೌಜ್ ಸೇರಿದರು. ನಡುವಿನ ತಿಮ್ಮಯ್ಯ ಅದೇ ಹೊತ್ತಿನಲ್ಲಿ ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿದ್ದು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಬ್ರಿಟಿಷರ ಡಿಎಸ್‌ಒ ಸೇನಾ ಪದಕ ಪಡೆದರು. ತಮ್ಮ ಸೋಮಯ್ಯ ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದಲ್ಲಿ ನೆಲಬಾಂಬಿಗೆ ಬಲಿಯಾದರು. ಒಂದೇ ಮನೆಯ ಊಟದ ಮೇಜಿನಿಂದ ಎದ್ದು ಹೋದವರು ಇವರು! ಆ ತಾಯಿ ಯಾವ ಪತ್ರವನ್ನು ಹೇಗೆ ಬಿಚ್ಚಿ ಓದುತ್ತಿದ್ದರೋ. ಈ ಮೂವರ ಕಥೆಯನ್ನೇ ಹಿಡಿದು ಒಂದು ಇಡೀ ಕೋಣೆ ಮಾಡಿದರೂ ಜಾಸ್ತಿಯಾಗುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬಂದೂಕು ಎಲ್ಲ ಮ್ಯೂಸಿಯಂನಲ್ಲೂ ಇರುತ್ತದೆ.

ಕೊರಿಯಾದಲ್ಲಿ 1953ರಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದದ್ದು, 1959ರಲ್ಲಿ ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟು ನೆಹರು ಮಾತಿಗೆ ವಾಪಸ್ ತೆಗೆದುಕೊಂಡದ್ದು, ಇವೆಲ್ಲ ಬಹಳ ಜನಕ್ಕೆ ಗೊತ್ತಿರುತ್ತದೆ. ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಾ 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆ ದೇಶ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಲಾರ್ನಾಕಾ ಊರಲ್ಲಿ ಅವರ ಹೆಸರಿನ ರಸ್ತೆಯೂ ಇದೆ.

ಅದೇ ವರ್ಷ, ಮೂರು ತಿಂಗಳ ಮುಂಚೆ, ಇನ್ನೊಬ್ಬ ಕೊಡವ ತೀರಿಹೋಗಿದ್ದರು. ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ವಯಸ್ಸು 32. ಮಡಿಕೇರಿಯ ನಡುವೆಯೇ ಇವರ ಹೆಸರಿನ ಸರ್ಕಲ್ ಇದೆ, ನಮ್ಮ ಗಾಡಿ ಅದನ್ನು ಸುತ್ತಿಕೊಂಡೇ ಹೋಯಿತು, ಆದರೆ ಇದು ಯಾರ ಹೆಸರು ಅಂತ ಪ್ಯಾಕೇಜಿನಲ್ಲಿ ಒಂದು ಮಾತೂ ಇಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟ ತಂಡದಲ್ಲಿ ಇವರು ಸ್ಟ್ಯಾಂಡ್‌ಬೈ. ಆದರೂ ಹೋದರು. ಓಡಿಸುತ್ತಿದ್ದದ್ದು ಮಿಸ್ಟಿಯರ್ ಅನ್ನೋ ನಿಧಾನದ ಯುದ್ಧವಿಮಾನ, ಎದುರಿಗೆ ಬಿದ್ದದ್ದು ಪಾಕಿಸ್ತಾನದ, ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನ. ತನ್ನ ವಿಮಾನಕ್ಕೆ ಏಟು ಬಿದ್ದ ಮೇಲೂ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಹೊಡೆದು ಉರುಳಿಸಿದರು. ಅದರ ಪೈಲಟ್ ಹಾರಿ ಬದುಕಿದ, ಇವರು ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. ಬಹಳ ವರ್ಷ ಆದ ಮೇಲೆ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಸಂಗತಿ ಬಯಲು ಮಾಡಿದರು. ಶೌರ್ಯಕ್ಕೆ ಕೊಡುವ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷದ ಮೇಲೆ, ಅವರ ಹೆಂಡತಿಯ ಕೈಗೆ.

ಹಾಗಾಗಿ ಪ್ಯಾಕೇಜ್ ಬಿಟ್ಟು ನೀವೇ ಹೋಗಿ. ಬೆಳಿಗ್ಗೆ ಸನ್ನಿಸೈಡ್, ಆಮೇಲೆ ದೇವಯ್ಯ ಸರ್ಕಲ್, ಊಟ ಮುಗಿಸಿ ಮಹದೇವಪೇಟೆ ಕಡೆಯ ಗದ್ದಿಗೆ. ಗದ್ದಿಗೆಗೆ ಜನ ಗುಂಬಜ್ ನೋಡೋಕೆ ಹೋಗ್ತಾರೆ. ಆದರೆ ಅಲ್ಲಿ ಕೊಡಗಿನ ರಾಜರ ಸಮಾಧಿಗಳ ಹತ್ತಿರವೇ ಬಿದ್ದಂಡ ಬೋಪು ಮತ್ತು ಮಗ ಸೋಮಯ್ಯನ ಸಮಾಧಿಗಳೂ ಇವೆ. ಬೋಪು ಕೊಡಗಿನ ರಾಜನ ಅಧಿಕಾರಿ, ಟಿಪ್ಪು ಸುಲ್ತಾನನ ಸೈನ್ಯದ ವಿರುದ್ಧ ಕಾದಾಡಿ ಸತ್ತವರು. ಸನ್ನಿಸೈಡ್ ನೋಡಿದ ದಿನವೇ ಇದನ್ನೂ ನೋಡಿದರೆ ಒಳ್ಳೆಯದು, ಎರಡು ಕಾಲದ ಸ್ಮಾರಕ ಒಂದೇ ಊರಲ್ಲಿ ಸಿಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವವರು ಕೊಡೆ ನಂಬಬೇಡಿ, ಮಡಿಕೇರಿ ಗಾಳಿಗೆ ಅದು ಉಲ್ಟಾ ಆಗತ್ತೆ. ರೇನ್‌ಕೋಟ್ ತನ್ನಿ. ಮ್ಯೂಸಿಯಂಗೆ ವಾರದಲ್ಲಿ ಯಾವ ದಿನ ರಜೆ ಅಂತ ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಮಕ್ಕಳಿದ್ದರೆ ಜೋಜಿಲಾ ಕಥೆಯನ್ನು ಕಾರಿನಲ್ಲೇ ಹೇಳಿಬಿಡಿ, ಒಳಗೆ ಹೋದ ಮೇಲೆ ಪ್ರಶ್ನೆ ಅವರೇ ಕೇಳುತ್ತಾರೆ.