ಅಜ್ಜನ ಎಚ್‌ಎಂಟಿ ವಾಚನ್ನು ‘ಹೊಸದರ ಹಾಗೆ’ ಮಾಡಿಸೋಕೆ ಕೊಡುವ ಮುನ್ನ

ಒಂದು ಮನೆಯವರು ಅಜ್ಜನ ಎಚ್‌ಎಂಟಿ ಜನತಾ ವಾಚನ್ನು ‘ಫುಲ್ ರೆಸ್ಟೋರೇಶನ್’ಗೆ ಕೊಟ್ಟರು. ವಾಪಸ್ ಬಂದಾಗ ಫಳಫಳ ಹೊಳೆಯುತ್ತಿತ್ತು. ಆದರೆ ಹಿಂದಿನ ಮುಚ್ಚಳದ ಮೇಲೆ ಮದುವೆಗೆ ಕೆತ್ತಿಸಿದ್ದ ಹೆಸರು, ತಾರೀಖು ಎರಡೂ ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಸಿಕ್ಕಿ ಅಳಿಸಿಹೋಗಿದ್ದವು. ಡಯಲ್‌ಗೆ ಹೊಸ ಬಣ್ಣ ಬಿದ್ದಿತ್ತು. ಬೇರೆಯವರ ಹತ್ತಿರ ಬಿಚ್ಚಿಸಿ ನೋಡಿದರೆ ಒಳಗಿನ ಮೆಷಿನ್ ಕೂಡ ಅಜ್ಜನದಲ್ಲ. ಕೊಡುವಾಗ ಯಾರೂ ಮುಚ್ಚಳ ತೆರೆಸಿ ಫೋಟೋ ತೆಗೆದಿರಲಿಲ್ಲವಾದ್ದರಿಂದ ಜಗಳಕ್ಕೂ ಗಟ್ಟಿ ಆಧಾರವಿರಲಿಲ್ಲ. ಮೆಷಿನ್ ಬದಲಾಗಿದ್ದು ಗೊತ್ತಾಗಿದ್ದೇ ಹಳೆಯ ರಿಪೇರಿ ಚೀಟಿಯಲ್ಲಿ ಬರೆದಿಟ್ಟ ಅದರ ನಂಬರ್‌ನಿಂದ.

ಹೀಗಾಗುವುದಕ್ಕೆ ಕಾರಣವಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ತಯಾರಿಕೆಯನ್ನು ನಡೆಸುತ್ತಿದ್ದ ಎಚ್‌ಎಂಟಿ ವಾಚಸ್ ಕಂಪನಿಗೆ 2016ರಲ್ಲಿ ಕೇಂದ್ರ ಸರ್ಕಾರ ಬೀಗ ಹಾಕಲು ಒಪ್ಪಿತು. ಅಲ್ಲಿಂದೀಚೆಗೆ ಬಿಡಿಭಾಗ ಬೇಕೆಂದರೆ ಎಷ್ಟೋ ಸಲ ಇನ್ನೊಂದು ಹಳೆ ವಾಚನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕೇ ಇನ್ನೂ ತುಕ್ಕು ಹಿಡಿದಿರದ 17 ಜ್ಯುವೆಲ್‌ನ (ಚಕ್ರಗಳ ಮೊನೆ ಕೂರುವ ಪುಟ್ಟ ಹರಳುಗಳು) ಮೆಷಿನ್‌ಗೆ ಆಸೆಪಡುವವರಿದ್ದಾರೆ. ಎಲ್ಲ ರಿಪೇರಿಯವರೂ ಹೀಗೆ ಅಂತಲ್ಲ, ಆದರೆ ‘ಹೊಸದು ಮಾಡಿಕೊಡ್ತೀವಿ’ ಅನ್ನುವ ಮಾತು ಕೇಳಿದರೆ ಹಿಂದೆ ಸರಿಯಿರಿ.

ಹೆಚ್ಚು ಹಾಳಾಗುವುದು ಡಯಲ್. ರೀಡಯಲ್ ಅಂದರೆ ಹಳೆ ಬಣ್ಣವನ್ನು ಥಿನ್ನರ್‌ನಲ್ಲಿ ತೊಳೆದು, ಹೊಸ ಬಣ್ಣ ಸಿಂಪಡಿಸಿ, ಅಕ್ಷರ ಒತ್ತುವುದು. ಅಕ್ಷರ ದಪ್ಪಗಾಗುತ್ತದೆ, ನಿಮಿಷದ ಗೆರೆಗಳು ಅಂಕಿಗಳ ಎದುರು ಸರಿಯಾಗಿ ಕೂರುವುದಿಲ್ಲ, ಬೆಳಕಿಗೆ ತಿರುಗಿಸಿದಾಗ ಕಾಣುತ್ತಿದ್ದ ಕಿರಣದಂಥ ಮಿನುಗು ಹೋಗಿಬಿಡುತ್ತದೆ. ಕೆಲಸದ ನಡುವೆ ಡಯಲ್‌ನ ಹಿಂದಿನ ಎರಡು ಪುಟ್ಟ ಕಾಲುಗಳು ಮುರಿದರೆ ಕೆಲವರು ಅದನ್ನು ಗೋಂದು ಹಾಕಿ ಮೆಷಿನ್‌ಗೇ ಅಂಟಿಸುತ್ತಾರೆ. ಮುಂದಿನ ಸರ್ವಿಸ್‌ನಲ್ಲಿ ಅದನ್ನು ಬಿಡಿಸುವುದು ನರಕ. ಹಳದಿ ತಿರುಗಿದ ಡಯಲ್‌ನಿಂದ ವಾಚಿನ ಓಟಕ್ಕೆ ಯಾವ ತೊಂದರೆಯೂ ಇಲ್ಲ. ಬ್ಲೋವರ್‌ನಿಂದ ಧೂಳು ಊದಿಸಿ, ಅಷ್ಟು ಸಾಕು. ಒದ್ದೆ ಬಟ್ಟೆ ತಾಗಿಸಿದರೆ ಅಕ್ಷರವೇ ಎದ್ದುಬರಬಹುದು.

ಇನ್ನು ಕೇಸು, ಅಂದರೆ ವಾಚಿನ ಹೊರಕವಚ. ಜನತಾದ ಎಷ್ಟೋ ಕೇಸುಗಳು ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದವು. ಬಫ್ ಮಾಡಿದರೆ ಲೇಪನ ಸವೆದು ಕೆಳಗಿನ ಹಳದಿ ಇಣುಕುತ್ತದೆ, ಪಟ್ಟಿ ಕೂರುವ ಕೊಂಬುಗಳ ಅಂಚು ದುಂಡಗಾಗುತ್ತದೆ. ಹಿಂದಿನ ಮುಚ್ಚಳವನ್ನಂತೂ ಚಕ್ರಕ್ಕೆ ತಾಗಿಸಲೇಬಾರದು. ಅದರ ಒಳಮೈಯಲ್ಲಿ ಹಿಂದಿನ ರಿಪೇರಿಯವರು ಸೂಜಿಯಲ್ಲಿ ಗೀಚಿದ ಗುರುತು, ತಾರೀಖು ಸಿಗುವುದುಂಟು (ಯಾವಾಗ ಯಾರ ಕೈಗೆ ಹೋಗಿತ್ತು ಎನ್ನುವ ಲೆಕ್ಕ ಅದು).

ಮೆಷಿನ್‌ಗೆ ಸರ್ವಿಸ್ ಮಾತ್ರ ಖಂಡಿತ ಬೇಕು. ಒಣಗಿದ ಎಣ್ಣೆಯಲ್ಲಿ ಓಡಿಸಿದರೆ ಚಕ್ರಗಳ ಮೊನೆ (ತಿರುಗುವ ಅಚ್ಚಿನ ತುದಿ) ಸವೆಯುತ್ತದೆ. ಆದರೆ ಬಿಚ್ಚದೆ ಇಡೀ ಮೆಷಿನ್ ಪೆಟ್ರೋಲಿಗೆ ಅದ್ದಿ, ಮೇಲೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ಸರ್ವಿಸ್ ಅಲ್ಲ. ಕರಗಿದ ಜಿಡ್ಡು ಜ್ಯುವೆಲ್‌ಗಳಲ್ಲೇ ಉಳಿಯುತ್ತದೆ. ಎಣ್ಣೆ ಹೇರ್‌ಸ್ಪ್ರಿಂಗ್‌ಗೆ (ಹಿಂದೆಮುಂದೆ ತೂಗುವ ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಸ್ಪ್ರಿಂಗ್) ಹರಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ವಿಪರೀತ ಮುಂದೆ ಓಡುತ್ತದೆ. ಸರಿಯಾದ ಕೆಲಸದಲ್ಲಿ ಪ್ರತಿ ಭಾಗ ಬಿಚ್ಚಿ ತೊಳೆದು, ಬ್ಯಾಲೆನ್ಸ್ ಮೊನೆಗಳಿಗೆ ತೆಳು ಎಣ್ಣೆ, ನಡುಚಕ್ರಕ್ಕೆ ದಪ್ಪ ಎಣ್ಣೆ, ಕೀ ಕೊಡುವ ಭಾಗಕ್ಕೆ ಗ್ರೀಸ್ ಹಾಕುತ್ತಾರೆ. ಟಿಕ್‌ಟಿಕ್ ಎಂದು ಆಡುವ ಪ್ಯಾಲೆಟ್ ಕವಲಿನ ಅಚ್ಚಿನ ಮೊನೆಗಳಿಗೆ ಎಣ್ಣೆ ಹಾಕುವುದಿಲ್ಲ. ‘ಎಲ್ಲಿಗೆ ಯಾವ ಎಣ್ಣೆ ಹಾಕ್ತೀರಾ ಅಣ್ಣ?’ ಅಂತ ಕೇಳಿ ನೋಡಿ. ಉತ್ತರದಲ್ಲೇ ಅವರ ಕೈ ಎಂಥದ್ದೆಂದು ಗೊತ್ತಾಗುತ್ತದೆ.

ಗಾಜು, ಪಟ್ಟಿ, ಸವೆದ ಕೀ, ದಣಿದ ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಸ್ಪ್ರಿಂಗ್) ಬದಲಿಸಿದರೆ ತಪ್ಪಿಲ್ಲ. ಆದರೆ ಗಾಜು ಅಕ್ರಿಲಿಕ್, ಸಣ್ಣ ಗೀರುಗಳು ಪಾಲಿಷ್‌ನಲ್ಲಿ ಹೋಗುತ್ತವೆ. ಮೊದಲು ಅದನ್ನು ಮಾಡಿಸಿ.

ಕೊಡುವಾಗ ಕೌಂಟರ್‌ನಲ್ಲೇ ಹಿಂದಿನ ಮುಚ್ಚಳ ತೆಗೆಸಿ. ಮೆಷಿನ್ ಮೇಲಿನ ಅಕ್ಷರ, ಸಂಖ್ಯೆ, ಗೀರು, ಮುಚ್ಚಳದ ಒಳ ಹೊರ, ಡಯಲ್ ಎಲ್ಲದರ ಹತ್ತಿರದ ಫೋಟೋ ತೆಗೆಯಿರಿ. ಬಿಲ್ ಮೇಲೆ ಮೂರು ಸಾಲು ಬರೆಸಿ: ಡಯಲ್ ಮುಟ್ಟಬಾರದು, ಕೇಸು ಪಾಲಿಷ್ ಬೇಡ, ತೆಗೆದ ಹಳೆ ಭಾಗಗಳನ್ನೆಲ್ಲ ಪೊಟ್ಟಣ ಕಟ್ಟಿ ವಾಪಸ್ ಕೊಡಬೇಕು. ಬರೆಯಲು ಹಿಂದೇಟು ಹಾಕಿದರೆ ವಾಚು ಜೇಬಿಗೆ ಹಾಕಿಕೊಂಡು ಹೊರಡಿ.

ತರುವಾಗ ಮತ್ತೆ ತೆಗೆಸಿ ಫೋಟೋ ಜೊತೆ ಹೋಲಿಸಿ. ಟೈಮ್‌ಗ್ರಾಫರ್ (ಟಿಕ್‌ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಯಂತ್ರ) ಇದ್ದರೆ ಪೂರ್ತಿ ಕೀ ಕೊಟ್ಟು, ಡಯಲ್ ಮೇಲ್ಮುಖವಾಗಿ ಇಡಿಸಿ: ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) 250 ಡಿಗ್ರಿ ದಾಟಿದರೆ, ದಿನಕ್ಕೆ 30 ಸೆಕೆಂಡಿನೊಳಗೆ ಹಿಂದೆಮುಂದೆ ಆದರೆ ಇಷ್ಟು ವಯಸ್ಸಾದ ವಾಚಿಗೆ ಚೆನ್ನಾಗಿದೆ ಅಂತ ಲೆಕ್ಕ. ಮೆಷಿನ್ ಬದಲಾಗಿರುವುದು ಕಂಡರೆ ಅಲ್ಲೇ, ಅಂದೇ ಕೇಳಿ. ವಾರ ಕಳೆದರೆ ಅಜ್ಜನ ಮೆಷಿನ್ ಇನ್ನೊಂದು ಕೇಸಿನೊಳಗೆ ಕೂತು ಮಾರಾಟವಾಗಿರುತ್ತದೆ. ತೊಳೆದುಹೋದ ಡಯಲ್‌ಗಂತೂ ದಾರಿಯಿಲ್ಲ.