ಲೋಟದ ನೀರನ್ನು ಕಂದು ಮಾಡಿ ತೋರಿಸುವವರು ಮನೆಗೆ ಬಂದರೆ

ಮಂಗಳೂರಿನ ಹೊರವಲಯದ ನಮ್ಮ ಬಡಾವಣೆಗೆ ಈಚೆಗೆ ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಇಬ್ಬರು ಯುವಕರು ಬಂದು, ಬಾವಿ ನೀರಿನ ಗುಣಮಟ್ಟವನ್ನು ಉಚಿತವಾಗಿ ಪರೀಕ್ಷಿಸಿ ಕೊಡುವುದಾಗಿ ಹೇಳಿ ಮನೆಯಿಂದ ಮನೆಗೆ ಹೋಗುತ್ತಿದ್ದರು. ಒಂಟಿಯಾಗಿರುವ ನನ್ನ ತಾಯಿಯ ಮನೆಗೂ ಅವರು ಹೋಗಿದ್ದರು. ಅವರು ಹೊರಟುಹೋಗುವಷ್ಟರಲ್ಲಿ ಅಡುಗೆಮನೆಯ ಗೋಡೆಯಲ್ಲಿ ನೀರಿನ ಲವಣವನ್ನು ಸೋಸುವ ಒಂದು ಆರ್‌ಒ ಯಂತ್ರವೂ, ತಾಯಿಯ ಹೆಸರಿನಲ್ಲಿ 18,500 ರೂಪಾಯಿಯ ಕಂತಿನ ಸಾಲವೂ ಬಂದು ಕುಳಿತಿದ್ದವು. ಹಗಲು ಹೊತ್ತಿನಲ್ಲಿ ಹಿರಿಯರು ಮಾತ್ರ ಇರುವ ಮನೆಗಳು ನಮ್ಮೂರಿನಲ್ಲಿ ಬಹಳ ಇರುವುದರಿಂದ, ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅವರು ಎರಡು ಗಾಜಿನ ಲೋಟಗಳನ್ನು ಮೇಜಿನ ಮೇಲಿಟ್ಟು, ಒಂದಕ್ಕೆ ನಮ್ಮ ಕೊಡಪಾನದಿಂದ ಬಾವಿಯ ನೀರನ್ನೂ, ಇನ್ನೊಂದಕ್ಕೆ ತಾವೇ ತಂದ ಬಾಟಲಿಯಿಂದ 'ಶುದ್ಧ ನೀರ'ನ್ನೂ ಸುರಿದರು. ಬಳಿಕ ಲೋಹದ ಕಡ್ಡಿಗಳಿರುವ ಒಂದು ಸಣ್ಣ ಪೆಟ್ಟಿಗೆಯನ್ನು ಲೋಟಗಳ ಮೇಲೆ ಕೂರಿಸಿ, ಅದರ ವಯರನ್ನು ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತಿನಲ್ಲಿಯೇ ಬಾವಿಯ ನೀರು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ತುಕ್ಕಿನಂಥ ಚೂರುಗಳು ಮೇಲಕ್ಕೆದ್ದು ತೇಲತೊಡಗಿದವು. ಪಕ್ಕದ ಲೋಟದ ನೀರು ಇದ್ದ ಹಾಗೆಯೇ ತಿಳಿಯಾಗಿತ್ತು. "ಇಷ್ಟು ವರ್ಷ ನೀವು ಇದನ್ನೇ ಕುಡಿದದ್ದಾ ಅಮ್ಮ? ರಜೆಗೆ ಬರುವ ಮಕ್ಕಳಿಗೂ ಇದನ್ನೇ ಕೊಡುವುದಾ?" ಎಂದು ಅವರಲ್ಲೊಬ್ಬ ಕೇಳಿದನಂತೆ. ಮೊಮ್ಮಕ್ಕಳ ಮಾತು ಬಂದ ಮೇಲೆ ತಾಯಿ ಬೇರೆ ಏನನ್ನೂ ವಿಚಾರಿಸಲಿಲ್ಲ. ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಚಿತ್ರ ತೆಗೆದು, ಮೊಬೈಲಿಗೆ ಬಂದ ಒಟಿಪಿಯನ್ನು "ಬುಕಿಂಗಿಗೆ ಬೇಕು" ಎಂದು ಕೇಳಿ ಪಡೆದುಕೊಂಡರು. ಅದು ಸಾಲದ ಒಪ್ಪಿಗೆಯ ಒಟಿಪಿ ಎಂಬುದನ್ನು ಯಾರೂ ತಾಯಿಗೆ ತಿಳಿಸಲಿಲ್ಲ.

ಲೋಟದಲ್ಲಿ ಕಂಡ ಕಂದು ಬಣ್ಣ ನೀರಿನ ಕೊಳೆಯಲ್ಲ, ಆ ಕಡ್ಡಿಗಳದು. ಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ವಿದ್ಯುದ್ವಿಭಜನೆಯೇ ಅಲ್ಲಿ ನಡೆಯುವುದು. ನೆಲದಿಂದ ಬರುವ ಯಾವುದೇ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮೊದಲಾದವುಗಳ ಲವಣ ಅಲ್ಪಸ್ವಲ್ಪ ಕರಗಿರುವುದರಿಂದ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿ ಸವೆದು ನೀರಿಗೆ ಬಿಟ್ಟುಕೊಳ್ಳುವ ಕಬ್ಬಿಣವು ಆಮ್ಲಜನಕದೊಂದಿಗೆ ಸೇರಿ ತುಕ್ಕಿನ ಬಣ್ಣದ ಗಷ್ಟಾಗಿ ಕಾಣಿಸಿಕೊಳ್ಳುತ್ತದೆ. ಆರ್‌ಒ ಯಂತ್ರದಿಂದ ಬಂದ ನೀರಿನಲ್ಲಿ ಲವಣ ತೀರ ಕಡಿಮೆಯಾದ್ದರಿಂದ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಕಡ್ಡಿ ಸವೆಯುವುದಿಲ್ಲ, ಬಣ್ಣವೂ ಬರುವುದಿಲ್ಲ. ಯಂತ್ರದ ಸರ್ವೀಸಿಗೆಂದು ಅದೇ ಕಂಪೆನಿಯ ಕಡೆಯವನೊಬ್ಬ ಬಂದಾಗ, ಅವರ ಯಂತ್ರದಿಂದಲೇ ಹಿಡಿದ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಕದಡಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ತೋರಿಸಲು ನಾನು ಒತ್ತಾಯಿಸಿದೆ. ಆ ನೀರು ಬಾವಿಯ ನೀರಿಗಿಂತ ಬೇಗ, ಅದಕ್ಕಿಂತ ದಟ್ಟವಾಗಿ ಕಂದಾಯಿತು. ಅವನು ಪ್ಲಗ್ಗು ಕಿತ್ತು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡ. ಇದನ್ನು ನೀವಾಗಿ ಮಾಡಲು ಹೋಗಬೇಡಿ. ಮನೆಯ ಕರೆಂಟಿಗೆ ನೇರವಾಗಿ ಸಿಕ್ಕಿಸಿದ ಕಡ್ಡಿಗಳು ನೀರಿನಲ್ಲಿರುವುದು ಅಪಾಯ.

ಕರಾವಳಿಯ ಬಹುಪಾಲು ಮನೆಗಳಿಗೆ ಆರ್‌ಒ ಬೇಕಾಗಿಯೇ ಇಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ವಿಷಯ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನದಂಡದಂತೆ, ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣಾಂಶ, ಅಂದರೆ ಟಿಡಿಎಸ್, ಇದ್ದರೆ ಯಾವ ಆಕ್ಷೇಪವೂ ಇಲ್ಲ. ಮಳೆ ಧಾರಾಳವಾಗಿ ಸುರಿಯುವ ನಮ್ಮ ಮುರಕಲ್ಲಿನ ನೆಲದ ಬಾವಿಗಳಲ್ಲಿ ಲವಣಾಂಶ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕೆಳಗಿರುತ್ತದೆ; ತಾಯಿಯ ಬಾವಿಯಲ್ಲಿ ನೂರನ್ನೂ ಮುಟ್ಟಿರಲಿಲ್ಲ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತ್ತು. ಮನೆಬಳಕೆಯ ಸಾಮಾನ್ಯ ಆರ್‌ಒ ಯಂತ್ರ ಒಂದು ಲೀಟರ್ ನೀರು ಕೊಡುವಾಗ ಅದಕ್ಕಿಂತ ಹೆಚ್ಚು, ಹಲವು ಬಾರಿ ಎರಡು ಮೂರು ಪಟ್ಟು, ನೀರನ್ನು ಹೊರಕ್ಕೆ ಚೆಲ್ಲುತ್ತದೆ. ತುಂಬೆ ಅಣೆಕಟ್ಟೆಯಲ್ಲಿ ನೇತ್ರಾವತಿ ಬತ್ತಿ 2016 ಮತ್ತು 2019ರ ಬೇಸಿಗೆಗಳಲ್ಲಿ ಸರದಿಯಂತೆ ನೀರು ಹಿಡಿದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅಳಿವೆಯ ಬದಿಯಲ್ಲಿ, ಕುದ್ರುಗಳಲ್ಲಿ (ನದಿಯ ನಡುವಿನ ದ್ವೀಪಗಳಲ್ಲಿ), ಬೇಸಿಗೆಯಲ್ಲಿ ನೀರು ಉಪ್ಪಾಗುವ ಬಾವಿಗಳಿರುವವರ ಪರಿಸ್ಥಿತಿ ಬೇರೆ. ಅವರಿಗೆ ಈ ಯಂತ್ರದಿಂದ ನಿಜವಾದ ಪ್ರಯೋಜನ ಉಂಟು.

ಹಾಗೆಂದು ಬಾವಿಯ ನೀರೆಲ್ಲ ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಐದು ಹತ್ತು ಸೆಂಟ್ಸ್ ಜಾಗದಲ್ಲಿ ಬಾವಿಯೂ ಶೌಚದ ಗುಂಡಿಯೂ ಹತ್ತಿರಹತ್ತಿರ ಇರುವ ನಮ್ಮ ಕಡೆ, ಅದರಲ್ಲೂ ಮಳೆಗಾಲದಲ್ಲಿ, ನಿಜವಾದ ಭಯ ರೋಗಾಣುಗಳದ್ದು. ಆ ಕಡ್ಡಿಗಳ ಪೆಟ್ಟಿಗೆಯಾಗಲಿ, ಕೆಲವರು ಪೆನ್ನಿನಂತೆ ಅದ್ದಿ ತೋರಿಸುವ ಟಿಡಿಎಸ್ ಮೀಟರಾಗಲಿ ಒಂದೇ ಒಂದು ರೋಗಾಣುವನ್ನೂ ಗುರುತಿಸಲಾರದು. ಅದಕ್ಕೆ ಪ್ರಯೋಗಾಲಯದಲ್ಲಿ, ನೀರಿಗೆ ಮಲದ ಕಲ್ಮಶ ಸೇರಿರಬಹುದೆಂಬ ಸುಳಿವು ಕೊಡುವ ಬ್ಯಾಕ್ಟೀರಿಯಾಗಳನ್ನು ಹುಡುಕುವ ಕೋಲಿಫಾರ್ಮ್ ಪರೀಕ್ಷೆಯೇ ಆಗಬೇಕು. ಗ್ರಾಮಗಳಲ್ಲಿರುವವರು ಪಂಚಾಯತಿನಲ್ಲಿ ವಿಚಾರಿಸಿದರೆ ಜಲಜೀವನ್ ಮಿಷನ್ ಅಡಿಯಲ್ಲಿರುವ ನೀರು ಪರೀಕ್ಷಾ ವ್ಯವಸ್ಥೆಯ ಮಾಹಿತಿ ದೊರೆಯುತ್ತದೆ. ವರದಿ ಬರುವವರೆಗೆ, ಬಂದ ಮೇಲೂ, ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯುವ ನಮ್ಮ ಹಿರಿಯರ ಕ್ರಮ ರೋಗಾಣುಗಳ ಮಟ್ಟಿಗೆ ಪೂರ್ತಿ ಸಾಕು. ನನ್ನ ತಾಯಿ ಅದನ್ನೇ ಮಾಡುತ್ತಿದ್ದರು.

ಯಂತ್ರವನ್ನು ಹಿಂದಕ್ಕೆ ಕೊಡುತ್ತೇವೆಂದಾಗ ಮಾರಿದವರು, ಗೋಡೆಗೆ ಅಳವಡಿಸಿದ ಮೇಲೆ ವಾಪಸಿಲ್ಲ ಎಂದರು. ಸಾಲ ಕೊಟ್ಟ ಹಣಕಾಸು ಸಂಸ್ಥೆ, ವಸ್ತುವಿನ ತಕರಾರಿಗೂ ತನಗೂ ಸಂಬಂಧವಿಲ್ಲ, ಕಂತು ತಪ್ಪಿದರೆ ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಇಳಿಯುತ್ತದೆ ಎಂದಿತು. ಹೀಗೆ ಮಾರುವವರು ಒಬ್ಬರು, ಸಾಲ ಕೊಡುವವರು ಇನ್ನೊಬ್ಬರು ಆಗಿರುವುದರಿಂದಲೇ ಗ್ರಾಹಕರು ನಡುವೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಇಬ್ಬರಿಗೂ ಪ್ರತ್ಯೇಕವಾಗಿ ಲಿಖಿತ ದೂರು ಕಳುಹಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆಮಾಡಿ ದೂರು ದಾಖಲಿಸಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸುಳ್ಳು ಹೇಳಿ ವಸ್ತು ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು.

ನಿಮ್ಮ ಮನೆಯವರೂ ಇದೇ ಪ್ರಯೋಗ ನೋಡಿ ಯಂತ್ರ ಕೊಂಡಿದ್ದರೆ ಬಿಲ್ಲು, ಸಾಲದ ಪತ್ರ, ಒಟಿಪಿ ಬಂದ ಸಂದೇಶ, ಬಂದವರ ಗುರುತಿನ ಚೀಟಿಯ ಚಿತ್ರವಿದ್ದರೆ ಅದನ್ನೂ ತೆಗೆದಿಡಿ. ಆಯೋಗಕ್ಕೆ ದೂರು ಕೊಡಲು ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಅವಕಾಶವಿದೆ.